ಮಳೆಗಾಲದ ಏಕಾಂತ: ನಾ. ಡಿಸೋಜ ಅವರ ‘ದ್ವೀಪ’ ಮತ್ತು ಅನಮೋಡ–ಸೂಪಾ ಸೀಮೆಯ ಅನುಭವ

ಕನ್ನಡದಲ್ಲಿ ‘ಏಕಾಂತ’ ಎಂಬ ಪದವು ಒಬ್ಬನೇ ಇರುವ ಸ್ಥಿತಿಯನ್ನು ಸೂಚಿಸುವಂತೆಯೇ ಇಬ್ಬರು ಮಾತ್ರ ಇರುವ ಸ್ಥಿತಿಯನ್ನೂ ಸೂಚಿಸುತ್ತದೆ. ತಪಸ್ಸಿಗೆ ಕುಳಿತವನದು ಏಕಾಂತ. ಗಂಡಹೆಂಡಿರು ಮೂರನೆಯವರ ಕಿವಿಗೆ ಬೀಳದಂತೆ ಆಡಿಕೊಳ್ಳುವ ಮಾತೂ ಏಕಾಂತವೇ. ದೇವಾಲಯಗಳಲ್ಲಿ ರಾತ್ರಿ ಬಾಗಿಲು ಮುಚ್ಚುವ ಮುನ್ನ ನಡೆಯುವ ಕೊನೆಯ ಸೇವೆಗೆ ಏಕಾಂತಸೇವೆ ಎಂದು ಹೆಸರು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಕಾಣಿಸಿಕೊಳ್ಳುವ, ಹನ್ನೆರಡನೆಯ ಶತಮಾನದ ಏಕಾಂತದ ರಾಮಯ್ಯನ ಹೆಸರಿನಲ್ಲಿ ಇದೇ ಪದವು ಶಿವನೊಬ್ಬನಲ್ಲಿಯೇ ನೆಟ್ಟ ಭಕ್ತಿಯನ್ನು ಹೇಳುತ್ತದೆ. ಈ ಎಲ್ಲ ಪ್ರಯೋಗಗಳಲ್ಲಿ ಏಕಾಂತವೆಂದರೆ ಸಂಬಂಧದ ಅಭಾವವಲ್ಲ, ಸಂಬಂಧದ ಸಾಂದ್ರತೆ. ಸಂಬಂಧದ ಅಭಾವವನ್ನು ಹೇಳಲು ಕನ್ನಡದಲ್ಲಿ ‘ಒಂಟಿತನ’ ಎಂಬ ಬೇರೆಯೇ ಪದವಿದೆ.

ಏಕಾಂತವು ಒಂಟಿತನವಾಗಿ ಮಾರ್ಪಡುವುದು ಯಾವಾಗ, ಯಾವ ಕಾರಣದಿಂದ ಎಂಬುದು ಕನ್ನಡ ಕಾದಂಬರಿಯನ್ನು ಮತ್ತೆ ಮತ್ತೆ ಕಾಡಿರುವ ಪ್ರಶ್ನೆ. ಪಶ್ಚಿಮ ಘಟ್ಟದ ಬದುಕನ್ನು ಕುರಿತ ಕಾದಂಬರಿಗಳಲ್ಲಿ ಈ ಪ್ರಶ್ನೆಗೆ ಋತುಮಾನದೊಡನೆ ಬಿಡಿಸಲಾಗದ ನಂಟಿದೆ. ನಾ. ಡಿಸೋಜ ಅವರ ‘ದ್ವೀಪ’ವನ್ನು ಕೇಂದ್ರವಾಗಿಟ್ಟುಕೊಂಡು ಈ ನಂಟನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕೃತಿಯಲ್ಲಿ ಕಾಣುವ ಅನುಭವದ ವ್ಯಾಪ್ತಿಯನ್ನು ಅರಿಯಲು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಅನಮೋಡ–ಸೂಪಾ ಸೀಮೆಯನ್ನು ಹೋಲಿಕೆಗೆ ತೆಗೆದುಕೊಳ್ಳಲಾಗಿದೆ.

1. ಋತು ಎಂಬ ಸಾಮಾಜಿಕ ವ್ಯವಸ್ಥೆ

ಹಳೆಯ ಮಹಾಕಾವ್ಯಗಳಲ್ಲಿ ಋತುವರ್ಣನೆಯು ಹದಿನೆಂಟು ವರ್ಣನೆಗಳಲ್ಲಿ ಒಂದು. ಅಲ್ಲಿ ಋತುವು ಬಹುಮಟ್ಟಿಗೆ ರಸಕ್ಕೆ ಪೋಷಕವಾದ ಉದ್ದೀಪನ ಸಾಮಗ್ರಿ. ಜನಜೀವನದಲ್ಲಾದರೋ ಋತುವು ಇದಕ್ಕಿಂತ ಹೆಚ್ಚಿನ ಅಧಿಕಾರವನ್ನು ಪಡೆದಿದೆ. ಯಾರು ಯಾರೊಡನೆ ಇರಬೇಕು, ಯಾರು ಯಾರಿಂದ ದೂರವಿರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಹೊಸದಾಗಿ ಮದುವೆಯಾದ ಹೆಣ್ಣನ್ನು ಆಷಾಢದಲ್ಲಿ ತವರಿಗೆ ಕರೆತರುವ ಪದ್ಧತಿ ನಾಡಿನ ಹಲವೆಡೆ ಇದೆ. ಶ್ರಾವಣದ ನಾಗರಪಂಚಮಿಗೆ ತಂಗಿಯನ್ನು ಕರೆಯಲು ಬರುವ ಅಣ್ಣನ ದಾರಿ ಕಾಯುವುದು ಉತ್ತರ ಕರ್ನಾಟಕದ ಹೆಂಗಸರ ಹಾಡುಗಳ ಬಹುದೊಡ್ಡ ವಸ್ತು. ಅಗಲಿಕೆಗೂ ಕೂಡುವಿಕೆಗೂ ಹೀಗೆ ಪಂಚಾಂಗದಲ್ಲಿಯೇ ಸ್ಥಾನವಿದೆ. ಅಗಲಿಕೆಗೆ ಒಂದು ಕೊನೆಯ ದಿನ ಗೊತ್ತಿರುವುದರಿಂದ ಅದು ಸಹನೀಯವೂ ಆಗಿದೆ.

ಘಟ್ಟದ ಮೇಲಣ ಬದುಕಿನಲ್ಲಿ ಈ ವ್ಯವಸ್ಥೆ ಇನ್ನಷ್ಟು ಕಟ್ಟುನಿಟ್ಟಾದುದು. ಜೂನ್ ಮೊದಲ ವಾರದ ಮೃಗಶಿರಾ ಮಳೆಗೆ ಮುನ್ನ ಒಣ ಸೌದೆಯನ್ನು ಕೊಟ್ಟಿಗೆಗೆ ಸೇರಿಸುವುದು, ಹಪ್ಪಳ ಸಂಡಿಗೆಗಳನ್ನು ಒಣಗಿಸುವುದು, ಮಾವಿನ ಮಿಡಿಯನ್ನು ಉಪ್ಪಿಗೆ ಹಾಕುವುದು, ಹಲಸಿನ ಸೊಳೆಯನ್ನು ಭರಣಿಗೆ ತುಂಬುವುದು — ಇವೆಲ್ಲವೂ ಬರಲಿರುವ ಒಂಟಿ ದಿನಗಳಿಗೆ ನಡೆಸುವ ಸಿದ್ಧತೆಗಳೇ. ಆರಿದ್ರಾ ಪುನರ್ವಸುಗಳಲ್ಲಿ ಹಳ್ಳ ತುಂಬಿದರೆ ಕಾಲುಸಂಕವೊಂದೇ ದಾರಿ. ಅದೂ ಕೊಚ್ಚಿಹೋದರೆ ಆಚೆಯ ಮನೆ ಪರದೇಶ. ಮಳೆ ಹೊಳವಾದಾಗ ಅಡಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ಆಳುಗಳು ಬಂದರೆ ಅದೇ ಹೊರಲೋಕದ ಸಂಪರ್ಕ. ನವರಾತ್ರಿಯ ಹೊತ್ತಿಗೆ ದಾರಿಗಳು ಒಣಗುತ್ತವೆ. ದೀಪಾವಳಿಯ ಮುಂದೆ ಕೊಯಿಲು, ನೆಂಟರು, ಯಕ್ಷಗಾನದ ಆಟ, ಮದುವೆಯ ಮಾತುಕತೆಗಳು ಆರಂಭವಾಗುತ್ತವೆ. ವರ್ಷವು ಮುಚ್ಚಿಕೊಳ್ಳುವ ಮತ್ತು ತೆರೆದುಕೊಳ್ಳುವ ಎರಡು ಕಾಲಗಳಾಗಿ ಭಾಗವಾಗಿರುತ್ತದೆ. ಮುಚ್ಚಿಕೊಂಡ ಕಾಲದ ಏಕಾಂತವನ್ನು ತಾಳಿಕೊಳ್ಳಲು ಸಾಧ್ಯವಾಗುವುದು ತೆರೆದುಕೊಳ್ಳುವ ಕಾಲವೊಂದು ಬಂದೇ ಬರುತ್ತದೆ ಎಂಬ ಭರವಸೆಯಿಂದ.

ಬೆಳಗಾವಿ–ಪಣಜಿ ಹೆದ್ದಾರಿಯಲ್ಲಿ, ಗೋವೆಯ ಗಡಿಗೆ ಹೊಂದಿಕೊಂಡು ಘಟ್ಟದ ನೆತ್ತಿಯಲ್ಲಿರುವ ಅನಮೋಡವು ಈ ಬಗೆಯ ಬದುಕಿನ ಒಂದು ತುದಿಯಲ್ಲಿದೆ. ಒಂದು ಬದಿಗೆ ಕ್ಯಾಸಲ್‌ರಾಕ್, ಇನ್ನೊಂದು ಬದಿಗೆ ಕಾಳಿ ನದಿಯ ಜಲಾನಯನದ ಕಾಡುಗಳು. ಜೋಯಿಡಾ ತಾಲ್ಲೂಕಿನ ಕುಣಬಿ ಮತ್ತು ಗೌಳಿ ಸಮುದಾಯಗಳ ಮನೆಗಳು ಕಾಡಿನ ನಡುವೆ ಒಂದರಿಂದೊಂದು ದೂರದಲ್ಲಿ ಹರಡಿಕೊಂಡಿವೆ. ಕನ್ನಡ, ಕೊಂಕಣಿ, ಮರಾಠಿಗಳು ಕೂಡಿ ಬಾಳುವ ಈ ಗಡಿಸೀಮೆಯಲ್ಲಿ ಭಾಷೆ ಯಾವುದಾದರೂ ಮಳೆಗಾಲದ ನಿಯಮ ಒಂದೇ.

2. ಏಕಾಂತದ ಮೂರು ಮಾದರಿಗಳು

‘ದ್ವೀಪ’ದ ವಿಶಿಷ್ಟತೆ ಸ್ಪಷ್ಟವಾಗಬೇಕಾದರೆ ಅದಕ್ಕೆ ಹಿಂದಿನ ಮತ್ತು ಸಮೀಪದ ಕೆಲವು ಮಾದರಿಗಳನ್ನು ಗಮನಿಸಬೇಕು.

ಮೊದಲನೆಯದು ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943). ಸುಬ್ರಹ್ಮಣ್ಯದ ಸುತ್ತಣ ಕಾಡಿನಲ್ಲಿ, ಕೆಳಬೈಲಿನಲ್ಲಿ, ಗೋಪಾಲಯ್ಯ ಮತ್ತು ಶಂಕರಮ್ಮ ಎಂಬ ವೃದ್ಧ ದಂಪತಿ ಇದ್ದಾರೆ. ಮನೆ ಬಿಟ್ಟು ಹೋದ ಮಗನ ಕೊರಗು ಇಬ್ಬರಲ್ಲಿಯೂ ಇದೆ. ಗೋಪಾಲಯ್ಯ ಅದನ್ನು ದುಡಿಮೆಯಿಂದ ಎದುರಿಸುತ್ತಾನೆ, ಕಾಡನ್ನು ತೋಟವಾಗಿಸುತ್ತಾನೆ. ಶಂಕರಮ್ಮ ಕಾಯುವುದರಿಂದ ಎದುರಿಸುತ್ತಾಳೆ. ದಾರಿತಪ್ಪಿ ಬಂದ ಅತಿಥಿಯಲ್ಲಿ ಮಗನನ್ನು ಕಾಣುತ್ತಾಳೆ. ಇವರಿಬ್ಬರ ನಡುವಣ ಹಾಸ್ಯ, ಹುಸಿಮುನಿಸು, ಉಪಚಾರದ ಹಟಗಳಲ್ಲಿ ಕನ್ನಡ ಕಾದಂಬರಿಯು ಮುಪ್ಪಿನ ದಾಂಪತ್ಯದ ಆಪ್ತತೆಯನ್ನು ಅಪೂರ್ವವಾಗಿ ಹಿಡಿದಿದೆ. ತೋಟಕ್ಕೆ ಋತುಚಕ್ರವಿದೆ, ವರ್ಷವರ್ಷವೂ ಅದು ಫಲ ಕೊಡುತ್ತದೆ. ಮಗನ ಮರಳುವಿಕೆಗೆ ಅಂಥ ಚಕ್ರವಿಲ್ಲ. ಈ ಎರಡು ಕಾಲಗಳ ನಡುವಣ ಅಂತರವೇ ಕೃತಿಯ ವಿಷಾದದ ಮೂಲ. ಆದರೂ ಇಲ್ಲಿನ ಏಕಾಂತ ಒಂಟಿತನವಾಗದೆ ಉಳಿಯುತ್ತದೆ. ಏಕೆಂದರೆ ಬಾಗಿಲು ಅತಿಥಿಗೆ ತೆರೆದಿದೆ.

ಎರಡನೆಯದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಏಕಾಂತವೆಂಬುದು ಎಲ್ಲರಿಗೂ ಸಮನಾಗಿ ಸಿಗುವ ವಸ್ತುವಲ್ಲ ಎಂಬುದನ್ನು ಈ ಕೃತಿ ತೋರಿಸುತ್ತದೆ. ಗುತ್ತಿ ಮತ್ತು ತಿಮ್ಮಿಗೆ, ಐತ ಮತ್ತು ಪೀಂಚಲುವಿಗೆ ಒಡೆಯರ ಮನೆಗಳಲ್ಲಿ ತಮ್ಮದೆನ್ನುವ ಕೋಣೆಯಿಲ್ಲ. ಒಡೆಯರ ಮನೆಯ ಮಗಳಾದ ಚಿನ್ನಮ್ಮನಿಗೆ ಕೋಣೆಯಿದ್ದರೂ ಆಯ್ಕೆಯಿಲ್ಲ. ಬೇಡದ ಮದುವೆಯಿಂದ ತಪ್ಪಿಸಿಕೊಂಡ ಆಕೆಗೆ ಕಾಡೇ ಆಸರೆ. ಮನೆಯು ನಿರಾಕರಿಸಿದ ಆಪ್ತತೆಯನ್ನು ಕಾಡು ಕೊಡುತ್ತದೆ. ಆದರೆ ಕಾಡಿನ ಉದಾರತೆಗೂ ಋತುವಿನ ಮಿತಿಯಿದೆ. ಕಾದಂಬರಿಯ ಕೊನೆಯಲ್ಲಿ ಗುತ್ತಿಯ ನಾಯಿ ಹುಲಿಯ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುತ್ತದೆ. ಮನುಷ್ಯರ ಕೂಡುವಿಕೆಗೆ ದಾರಿಮಾಡಿದ ಪ್ರಯಾಣದಲ್ಲಿಯೇ ಅವರಿಗೆ ಅತ್ಯಂತ ನಿಷ್ಠವಾಗಿದ್ದ ಜೀವವನ್ನು ಮಳೆಗಾಲದ ಹೊಳೆ ಕಿತ್ತುಕೊಳ್ಳುತ್ತದೆ.

ಮೂರನೆಯದು ನವ್ಯ ಕಾದಂಬರಿಯ ಮಾದರಿ. ಉತ್ತರ ಕನ್ನಡದವರೇ ಆದ ಇಬ್ಬರು ಲೇಖಕರು ಇದನ್ನು ಬೆಳೆಸಿದವರಲ್ಲಿ ಪ್ರಮುಖರು ಎಂಬುದು ಗಮನಾರ್ಹ. ಹಳಿಯಾಳದಲ್ಲಿ 1929ರಲ್ಲಿ ಜನಿಸಿದ ಶಾಂತಿನಾಥ ದೇಸಾಯಿ ಅವರ ‘ಮುಕ್ತಿ’ (1961) ಮತ್ತು ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದಕ್ಕೆ ನಿದರ್ಶನಗಳು. ‘ಮುಕ್ತಿ’ಯ ಗೌರೀಶನು ಸಂಬಂಧಗಳ ನಡುವೆಯೇ ತನ್ನ ಅಸ್ತಿತ್ವದ ಬಿಡುಗಡೆಯನ್ನು ಹುಡುಕುತ್ತಾನೆ. ‘ಶಿಕಾರಿ’ಯ ನಾಗಪ್ಪನು ಮುಂಬಯಿಯ ಜನಸಂದಣಿಯಲ್ಲಿ, ಉದ್ಯೋಗದ ಒಳಸಂಚುಗಳ ನಡುವೆ, ಬೇಟೆಗೆ ಸಿಕ್ಕ ಪ್ರಾಣಿಯಂತೆ ಒಬ್ಬಂಟಿಯಾಗುತ್ತಾನೆ. ಇವರ ಒಂಟಿತನಕ್ಕೆ ಕಾರಣ ತುಂಬಿದ ಹಳ್ಳವಲ್ಲ, ಮನುಷ್ಯರೇ. ಮಳೆ ನಿಂತರೆ ಅದು ಮುಗಿಯುವುದಿಲ್ಲ. ವ್ಯಕ್ತಿಯ ಪ್ರಜ್ಞೆಯೇ ಕೇಂದ್ರವಾದಾಗ ಋತುವಿನ ಅಧಿಕಾರ ಹಿಂದೆ ಸರಿಯುತ್ತದೆ.

ಮೊದಲ ಮಾದರಿಯಲ್ಲಿ ಏಕಾಂತವನ್ನು ದುಡಿಮೆ ಮತ್ತು ಆತಿಥ್ಯಗಳು ಕಾಯುತ್ತವೆ. ಎರಡನೆಯದರಲ್ಲಿ ಕಾಡು ಕಾಯುತ್ತದೆ. ಮೂರನೆಯದರಲ್ಲಿ ಅದನ್ನು ಕಾಯುವ ವ್ಯವಸ್ಥೆಯೇ ಇಲ್ಲ. ‘ದ್ವೀಪ’ವು ಈ ಮೂರರಲ್ಲಿ ಯಾವುದಕ್ಕೂ ಪೂರ್ತಿಯಾಗಿ ಸೇರುವುದಿಲ್ಲ. ಅಲ್ಲಿ ಒಂಟಿತನವನ್ನು ತರುವುದು ನೀರೇ. ಆದರೆ ಆ ನೀರು ಋತುವಿನ ನೀರು ಮಾತ್ರವಲ್ಲ.

3. ‘ದ್ವೀಪ’: ಮರಳದ ಋತು

1937ರಲ್ಲಿ ಸಾಗರದಲ್ಲಿ ಜನಿಸಿದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದುಕೊಂಡು ಶರಾವತಿ ಕಣಿವೆಯ ಯೋಜನಾ ಪ್ರದೇಶಗಳನ್ನು ಹತ್ತಿರದಿಂದ ಕಂಡವರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಊರುಗಳನ್ನು ಆವರಿಸಿದ ಬಗೆ ಅವರ ಬರವಣಿಗೆಯ ಮುಖ್ಯ ವಸ್ತುವಾಯಿತು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲದೆ, 2011ರ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆದ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಯೂ ಈ ವಸ್ತುವನ್ನೇ ಕುರಿತದ್ದು.

‘ದ್ವೀಪ’ದ ಕಥಾವಸ್ತು ಸರಳವಾದುದು. ಸೀತಾಪರ್ವತದ ಬುಡದ ಹೊಸಮನೆಹಳ್ಳಿ ಮುಳುಗಡೆಗೆ ಸೇರಿದೆ. ಉಳಿದ ಮನೆಗಳವರು ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಗಣಪಯ್ಯ ಮತ್ತು ನಾಗವೇಣಿಯ ಮನೆ ಉಳಿಯುತ್ತದೆ. ಮಳೆ ಹಿಡಿಯುತ್ತದೆ, ಹಿನ್ನೀರು ಏರುತ್ತದೆ, ಇದ್ದ ನೆಲ ದ್ವೀಪವಾಗುತ್ತದೆ. ನಾಗವೇಣಿಯ ತವರಿನ ಕಡೆಯ ಪರಿಚಿತ ಕೃಷ್ಣಯ್ಯ ನೆರವಿಗೆ ಬಂದಾಗ ಗಣಪಯ್ಯನ ಮನಸ್ಸಿನಲ್ಲಿ ಸಂಶಯ ಮೊಳೆಯುತ್ತದೆ.

ಪರಿಸರ ಮತ್ತು ನಿರ್ವಸತಿಯ ಕಾದಂಬರಿಯಾಗಿ ಈ ಕೃತಿಯನ್ನು ಗುರುತಿಸುವುದು ವಾಡಿಕೆ. ಅದು ಸರಿಯಾದುದೇ, ಆದರೆ ಅಷ್ಟಕ್ಕೆ ನಿಂತರೆ ಕೃತಿಯ ತಿರುಳಿನಲ್ಲಿರುವ ದಾಂಪತ್ಯದ ಪ್ರಶ್ನೆಯು ಉಪಕಥೆಯಾಗಿಬಿಡುತ್ತದೆ. ಮುಳುಗಡೆಯ ಕಥೆ ಮತ್ತು ಸಂಶಯದ ಕಥೆ ಇಲ್ಲಿ ಎರಡಲ್ಲ. ಗಂಡಹೆಂಡಿರ ನಡುವಣ ನಂಬಿಕೆ ಅವರಿಬ್ಬರ ಸೊತ್ತು ಮಾತ್ರವಲ್ಲ. ನೆರೆಹೊರೆಯ ಕಣ್ಣು, ನೆಂಟರ ಬರುಹೋಗು, ಊರಿನ ಮಾತುಗಳ ನಡುವೆ ಅದು ನೆಲೆನಿಂತಿರುತ್ತದೆ. ಮೂರನೆಯವರು ಇದ್ದಾಗ ಇಬ್ಬರ ಏಕಾಂತಕ್ಕೆ ಅರ್ಥವಿದೆ. ಮೂರನೆಯವರೇ ಇಲ್ಲವಾದ ಮೇಲೆ ಏಕಾಂತವನ್ನು ಹುಡುಕುವ ಅಗತ್ಯವಿಲ್ಲ, ಅದರಿಂದ ಹೊರಬರುವ ದಾರಿಯೂ ಇಲ್ಲ. ಅಂಥ ಸ್ಥಿತಿಯಲ್ಲಿ ಒಬ್ಬನೇ ಒಬ್ಬ ಅತಿಥಿ ಬಂದರೆ ಅವನು ಅತಿಥಿಯಾಗಿ ಉಳಿಯದೆ ಪ್ರತಿಸ್ಪರ್ಧಿಯಾಗಿ ಕಾಣತೊಡಗುತ್ತಾನೆ. ‘ಬೆಟ್ಟದ ಜೀವ’ದಲ್ಲಿ ಬಂದ ಅತಿಥಿಯು ಮಗನ ಸ್ಥಾನವನ್ನು ತುಂಬಿದರೆ, ಇಲ್ಲಿ ಬಂದವನು ಗಂಡನ ಸ್ಥಾನಕ್ಕೆ ಕುತ್ತು ತರುವವನಂತೆ ತೋರುತ್ತಾನೆ. ಇದನ್ನು ಪಾತ್ರಗಳ ಸ್ವಭಾವಭೇದವೆಂದು ಮಾತ್ರ ವಿವರಿಸಿದರೆ ಸಾಲದು. ಕೆಳಬೈಲಿನ ಸುತ್ತ ಊರುಗಳಿವೆ, ದಾರಿಗಳಿವೆ. ಹೊಸಮನೆಹಳ್ಳಿಯ ಸುತ್ತ ನೀರು ಮಾತ್ರ ಇದೆ.

ಈ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಅವರು ನಿರ್ದೇಶಿಸಿದ, 2002ರಲ್ಲಿ ತೆರೆಕಂಡ ಚಲನಚಿತ್ರಕ್ಕೆ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ಸೌಂದರ್ಯ ಅವರು ನಾಗಿಯ ಪಾತ್ರವನ್ನು ವಹಿಸಿದ ಈ ಚಿತ್ರವು ದಾಂಪತ್ಯದ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತು. ಏರುವ ನೀರಿನ ನಡುವೆ ಮನೆಯನ್ನು ಉಳಿಸಿಕೊಳ್ಳಲು ನಾಗಿ ಪಟ್ಟ ಶ್ರಮವು ಗಂಡನ ಕಣ್ಣಿಗೆ ಬೀಳುವುದಿಲ್ಲ. ಉಳಿವಿನ ಶ್ರೇಯಸ್ಸು ದೈವಕ್ಕೆ ಸಲ್ಲುತ್ತದೆ. ನೀರು ಇಳಿದರೂ ಇಬ್ಬರ ನಡುವಣ ಅಂತರ ಇಳಿಯುವುದಿಲ್ಲ ಎಂಬ ಈ ಗ್ರಹಿಕೆಯು ಕಾದಂಬರಿಯ ಒಂದು ಮುಖ್ಯ ಎಳೆಯ ವಿಸ್ತರಣೆಯಾಗಿದೆ.

4. ಜಲಾಶಯದ ಪಂಚಾಂಗ

‘ದ್ವೀಪ’ದ ಅನುಭವವನ್ನು ಋತುವಿನ ದೃಷ್ಟಿಯಿಂದ ನೋಡಿದಾಗ ಇನ್ನೊಂದು ಅಂಶವೂ ಸ್ಪಷ್ಟವಾಗುತ್ತದೆ. ಹಳ್ಳದ ನೀರು ನಕ್ಷತ್ರದ ಲೆಕ್ಕಕ್ಕೆ ಏರುತ್ತದೆ, ಇಳಿಯುತ್ತದೆ. ಜಲಾಶಯದ ನೀರಿಗೆ ಬೇರೆಯೇ ಲೆಕ್ಕವಿದೆ. ಮಳೆಗಾಲದ ಉದ್ದಕ್ಕೂ ಅದು ಸಂಗ್ರಹಗೊಳ್ಳುತ್ತದೆ. ಮಳೆ ಮುಗಿಯುವ ಹೊತ್ತಿಗೆ ಅತ್ಯಂತ ಮೇಲಿನ ಮಟ್ಟದಲ್ಲಿ ನಿಂತಿರುತ್ತದೆ. ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ಬಿಡುಗಡೆಯಾಗುತ್ತ ಬೇಸಗೆಯ ಕೊನೆಗೆ ತಳ ಕಾಣುತ್ತದೆ. ಹಳೆಯ ಕ್ರಮದಲ್ಲಿ ದಾರಿಗಳು ತೆರೆದುಕೊಳ್ಳುತ್ತಿದ್ದುದು ನವರಾತ್ರಿ ದೀಪಾವಳಿಗಳ ಹೊತ್ತಿಗೆ. ಹಿನ್ನೀರಿನ ಸೀಮೆಯಲ್ಲಿ ಅದೇ ಹೊತ್ತಿಗೆ ನೀರು ತುಂಬಿ ನಿಂತಿರುತ್ತದೆ. ಮುಚ್ಚಿಕೊಂಡಿದ್ದ ಮನೆ ತೆರೆದುಕೊಳ್ಳಬೇಕಾದ ಕಾಲದಲ್ಲಿಯೇ ಸುತ್ತಣ ಜಲರಾಶಿ ದೊಡ್ಡದಾಗಿರುತ್ತದೆ. ಋತುಚಕ್ರವು ನಾಶವಾಗಿದೆ ಎನ್ನುವುದಕ್ಕಿಂತ ತಿರುವುಮುರುವಾಗಿದೆ ಎನ್ನುವುದು ಹೆಚ್ಚು ಉಚಿತ.

ಶರಾವತಿಯ ಹಿನ್ನೀರಿನಲ್ಲಿ ಇದಕ್ಕೆ ಎರಡು ಸಾಕ್ಷ್ಯಗಳಿವೆ. 1948ರ ಸುಮಾರಿನ ಹಿರೇಭಾಸ್ಕರ ಅಣೆಕಟ್ಟೆಯನ್ನು ಲಿಂಗನಮಕ್ಕಿಯ ನೀರು ಮುಳುಗಿಸಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ಅದು ನೀರಿನಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಅಗಲಿದ ನೆಲದ ದರ್ಶನಕ್ಕೆ ಬರಗಾಲವೇ ಬರಬೇಕಾದ ಈ ಸ್ಥಿತಿಗೆ ಹಳೆಯ ಪಂಚಾಂಗದಲ್ಲಿ ಹೆಸರಿಲ್ಲ. ಎರಡನೆಯದಾಗಿ, ತುಮರಿ ಭಾಗದ ಹಳ್ಳಿಗಳು ದಶಕಗಳ ಕಾಲ ಲಾಂಚನ್ನು ನೆಚ್ಚಿಕೊಂಡಿದ್ದವು. ಬೇಸಗೆಯಲ್ಲಿ ನೀರು ತೀರ ಇಳಿದರೆ ಲಾಂಚಿನ ಓಡಾಟಕ್ಕೇ ಅಡಚಣೆ. ನೀರು ಹೆಚ್ಚಿದರೂ ದೂರ, ಕಡಿಮೆಯಾದರೂ ದೂರ ಎಂಬ ಈ ಸ್ಥಿತಿ ಕೊನೆಗೊಂಡದ್ದು 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದಾಗ. ‘ದ್ವೀಪ’ದ ಲೇಖಕರು ಅದೇ ವರ್ಷದ ಜನವರಿ 5ರಂದು ನಿಧನರಾಗಿದ್ದರು.

5. ಸೂಪಾ: ಇನ್ನೊಂದು ಕಣಿವೆಯ ಓದು

ಕಾಳಿ ನದಿಯು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲನ್ನು ಸೇರುತ್ತದೆ. ಗಣೇಶಗುಡಿಯ ಬಳಿ ಈ ನದಿಗೆ ಕಟ್ಟಿದ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ 1987ರಲ್ಲಿ ಪೂರ್ಣಗೊಂಡಿತು. ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಪಟ್ಟಣವೇ ಜಲಾಶಯದ ಪಾಲಾಯಿತು. ಕೇಂದ್ರವು ಜೋಯಿಡಾಕ್ಕೆ ಬಂದಿತು. ನಿರ್ವಸಿತರಲ್ಲಿ ಅನೇಕರು ನೆಲೆ ಕಂಡುಕೊಂಡ ರಾಮನಗರವು ಅನಮೋಡಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಮುಳುಗಿದ್ದು ಒಂದು ಪೇಟೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಚದುರಿದ ಮನೆಗಳ ಸೀಮೆಯಲ್ಲಿ ಪೇಟೆಯೆಂಬುದು ಸರಕು ಕೊಳ್ಳುವ ಸ್ಥಳ ಮಾತ್ರವಲ್ಲ; ಮಳೆಗಾಲ ಕಳೆದ ಮೇಲೆ ಕಾಡಿನ ಮನೆಗಳು ಪರಸ್ಪರ ಮುಖ ನೋಡುವ ಸ್ಥಳ. ಕಚೇರಿ, ಅಂಗಡಿ, ಗುಡಿಗಳಿದ್ದ ಆ ತೆರವು ಇಲ್ಲವಾದಾಗ ಮುಳುಗಿದವರು ಮಾತ್ರವಲ್ಲದೆ ಮುಳುಗದೆ ಉಳಿದವರೂ ಒಂದು ಬಗೆಯಲ್ಲಿ ದ್ವೀಪವಾಸಿಗಳಾಗುತ್ತಾರೆ.

ಹೊಸ ಊರುಗಳಲ್ಲಿ ಮನೆಗಳು ಸಾಲಾಗಿ, ಒತ್ತಾಗಿ ನಿಲ್ಲುತ್ತವೆ. ನೆರೆಮನೆಯವರು ಹತ್ತಿರವಾಗುತ್ತಾರೆ. ಆದರೆ ಹತ್ತಿರವಾದ ನೆರೆ ಹಳೆಯ ನೆರೆಯಲ್ಲ. ಹೊಳೆಯ ಆಚೆಗಿದ್ದೂ ಬಳಕೆಯಲ್ಲಿದ್ದ ಮನೆ ಈಗ ಎಲ್ಲಿಯೋ ಇದೆ. ಕಾಡಿನ ಏಕಾಂತವನ್ನು ಕಳೆದುಕೊಂಡು ಪೇಟೆಯ ಒಂಟಿತನವನ್ನು ಪಡೆಯುವ ಈ ಪಲ್ಲಟದಲ್ಲಿ ಗೋಪಾಲಯ್ಯನ ಬದುಕಿನಿಂದ ನಾಗಪ್ಪನ ಬದುಕಿಗೆ ಒಂದೇ ತಲೆಮಾರಿನಲ್ಲಿ ದಾಟುವ ಒತ್ತಾಯವಿದೆ. ಕಾರಂತರ ಮಾದರಿ ಮತ್ತು ಚಿತ್ತಾಲರ ಮಾದರಿಗಳು ಸಾಹಿತ್ಯ ಚರಿತ್ರೆಯ ಎರಡು ಘಟ್ಟಗಳಾಗಿ ಪಾಠಪುಸ್ತಕಗಳಲ್ಲಿ ಕಾಣುತ್ತವೆ. ಮುಳುಗಡೆಯ ಸೀಮೆಗಳಲ್ಲಿ ಅವು ಒಂದೇ ಮನೆಯ ಅಜ್ಜ ಮತ್ತು ಮೊಮ್ಮಗನ ಅನುಭವಗಳಾಗಿರಬಹುದು.

ಅಧ್ಯಾಪನದ ದೃಷ್ಟಿಯಿಂದ ಈ ಅಂಶಕ್ಕೆ ಮಹತ್ವವಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಮನೆಮಾತು ಕೊಂಕಣಿಯೋ ಮರಾಠಿಯೋ ಆಗಿರುವವರು, ಮುಳುಗಡೆಯ ನೆನಪನ್ನು ಹಿರಿಯರಿಂದ ಕೇಳಿದವರು ಇರುತ್ತಾರೆ. ಅಂಥವರಿಗೆ ‘ದ್ವೀಪ’ವು ಶರಾವತಿಯ ಕಥೆ ಮಾತ್ರವಾಗಿ ಉಳಿಯುವುದಿಲ್ಲ. ಕೃತಿಯನ್ನು ಅಭಿವೃದ್ಧಿ ಮತ್ತು ವಿನಾಶಗಳ ವಾದಕ್ಕೆ ಉದಾಹರಣೆಯಾಗಿ ಬಳಸುವುದಕ್ಕೆ ಮುನ್ನ, ಮಳೆಗಾಲದಲ್ಲಿ ಮನೆಯೊಳಗಿನ ಮಾತು ಹೇಗೆ ಬದಲಾಗುತ್ತದೆ, ಯಾರು ಯಾರಿಗಾಗಿ ಕಾಯುತ್ತಾರೆ, ಹೆಂಗಸರ ದುಡಿಮೆ ಯಾವ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದಿಲ್ಲ ಎಂಬ ಪ್ರಶ್ನೆಗಳಿಂದ ಪಾಠವನ್ನು ಆರಂಭಿಸಬಹುದು. ಪರಿಹಾರಧನದ ಲೆಕ್ಕದಲ್ಲಿ ತೋಟಕ್ಕೆ, ಮರಕ್ಕೆ, ಮನೆಗೆ ಬೆಲೆ ಕಟ್ಟುವ ಕ್ರಮವಿದೆ. ಇಬ್ಬರ ನಡುವಣ ನಂಬಿಕೆಯನ್ನು ಕಾಯುತ್ತಿದ್ದ ನೆರೆಹೊರೆಗೆ ಬೆಲೆ ಕಟ್ಟುವ ಕ್ರಮವಿಲ್ಲ. ಆ ಲೆಕ್ಕಕ್ಕೆ ಸಿಗದ ನಷ್ಟವನ್ನು ದಾಖಲಿಸಿದ್ದು ಡಿಸೋಜ ಅವರ ಕಾದಂಬರಿಯ ಮುಖ್ಯ ಸಾಧನೆ.

6. ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ಘಟ್ಟಸೀಮೆಯ ಕಾದಂಬರಿಗಳಲ್ಲಿ ಏಕಾಂತ ಮತ್ತು ಆಪ್ತತೆಗಳು ಒಂದೇ ಸ್ಥಿತಿಯ ಎರಡು ಹೆಸರುಗಳಾಗಿ ಉಳಿಯಲು ಋತುವಿನ ಮರುಕಳಿಕೆ ಆಧಾರವಾಗಿದೆ. ಮುಚ್ಚಿದ ದಾರಿ ಮತ್ತೆ ತೆರೆಯುತ್ತದೆ ಎಂಬ ಖಾತ್ರಿಯಿದ್ದಲ್ಲಿ ಮಳೆಗಾಲದ ಒಬ್ಬಂಟಿ ಮನೆ ದಾಂಪತ್ಯಕ್ಕೆ, ಕಥೆಗೆ, ನೆನಪಿಗೆ ಎಡೆಮಾಡಿಕೊಡುತ್ತದೆ. ಆ ಖಾತ್ರಿ ತಪ್ಪಿದಾಗ ಅದೇ ಮನೆಯಲ್ಲಿ ಅದೇ ಇಬ್ಬರ ನಡುವೆ ಸಂಶಯ ಬೆಳೆಯುತ್ತದೆ. ನವ್ಯರು ಒಂಟಿತನದ ಬೇರನ್ನು ವ್ಯಕ್ತಿಯ ಪ್ರಜ್ಞೆಯಲ್ಲಿ ಅರಸಿದರು. ‘ದ್ವೀಪ’ವು ಅದನ್ನು ನೀರಿನ ಮಟ್ಟದಲ್ಲಿ, ಕಚೇರಿಯ ಕಡತದಲ್ಲಿ, ಖಾಲಿಯಾದ ನೆರೆಮನೆಯಲ್ಲಿ ತೋರಿಸಿತು. ಈ ದೃಷ್ಟಿಯಿಂದ ಕಾಳಿ ಕಣಿವೆಯ ಕುಣಬಿ, ಗೌಳಿ ಮನೆಗಳ ಮಳೆಗಾಲದ ಕಥನಗಳನ್ನೂ, ರಾಮನಗರದಂಥ ಊರುಗಳ ಹಿರಿಯರ ನೆನಪುಗಳನ್ನೂ ಅವರವರ ಭಾಷೆಯಲ್ಲಿಯೇ ಸಂಗ್ರಹಿಸಿ ಕಾದಂಬರಿಯ ಪಕ್ಕದಲ್ಲಿಟ್ಟು ಓದುವ ಕೆಲಸ ನಡೆಯಬೇಕಾಗಿದೆ. ಹಳೆಯ ಸೂಪಾ ಪೇಟೆಯನ್ನು ಕಣ್ಣಾರೆ ಕಂಡವರು ಈಗ ನಡುವಯಸ್ಸನ್ನು ದಾಟಿರುವುದರಿಂದ ಈ ಕೆಲಸಕ್ಕೆ ಉಳಿದಿರುವ ಮಳೆಗಾಲಗಳು ಹೆಚ್ಚಿಲ್ಲ.